ಅವಳ ಮೈಮೇಲೆ ಕೈ ಮಾಡಿದ್ದು ಯಾರು?

"ನನ್ನ ತಂಗಿ ಮೇಲೆ ಕೈ ಮಾಡ್ತೀಯೇನೋ?"

ಮಾತಿಗಿಂತ ಮೊದಲೇ ಏಟು ಬಿದ್ದಿತ್ತು! ವೆಲ್ಡರ್ ಅರ್ಧ ಮುಗಿದ ಗೇಟಿನ ಮೇಲೆ ಧಡಾರನೆ ಬಿದ್ದ. ತುಟಿ ಒಡೆದು ರಕ್ತ ಬಂತು.

ಅದೇ ಶೆಡ್ಡಿನಲ್ಲಿ ಗೇಟುಗಳಿಗೆ ಬಣ್ಣ ಬಳಿಯುವ ಅವಳ ಜೀವ ಬಾಯಿಗೆ ಬಂತು. ತಾನು ಕಟ್ಟಿಕೊಳ್ಳಬೇಕೆಂದಿದ್ದ ಹುಡುಗನಿಗೂ ಮಾಂಸದಂಗಡಿ ನಡೆಸುವ ಅಣ್ಣನಿಗೂ ಇದೇ ಮೊದಲ ಭೇಟಿ... ಎಂಥಾ ಭೇಟಿ!

"ಇಲ್ಲಿಂದ ಬಂದಾಗಲೆಲ್ಲ ಎರಡೂ ಕೆನ್ನೆ ಕೆಂಪು. ತೋಳಲ್ಲಿ ನೀಲಿ ಕಲೆ. ಕೂದಲು ಬೇರೆ ಕಿತ್ತು ಬರ್ತಿದೆ. ಜುಟ್ಟು ಹಿಡಿದು ಎಳೀತೀಯಾ?"

ವೆಲ್ಡರ್ ಎದ್ದವನೇ ಅಣ್ಣನ ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ.

"ಹೊಡೆಯೋನು ನೀನು! ಬೆಳಿಗ್ಗೆ ಬೆರಳು ಮಡಚೋಕಾಗದೆ ಬ್ರಷ್ ಬೀಳಿಸ್ತಾಳೆ. ಯಾರು ತಿರುಚಿದ್ದು ಆ ಕೈನ? ಕೇಳಿದ್ರೆ 'ಏನಿಲ್ಲ' ಅಂತಾಳೆ. ಎಲ್ಲಾ ನಿನ್ನ ಹೆದರಿಕೆ!"

ಅಯ್ಯೋ ದೇವರೇ, ಇಬ್ಬರೂ ಕೊಂದುಕೊಳ್ಳುತ್ತಾರಲ್ಲ! ಹೇಳಿಬಿಡಲೇ? ಹೇಳಿದರೆ ಇವನು ನನ್ನವನಾಗಿ ಉಳಿಯುತ್ತಾನಾ? ರೋಗದ ಹುಡುಗಿ ಯಾರಿಗೆ ಬೇಕು...

ಅಣ್ಣ ಕಬ್ಬಿಣದ ಸರಳು ಎತ್ತಿದ.

ಅವಳು ನಡುವೆ ನುಗ್ಗಿದಳು.

"ನಿಲ್ಲಿಸಿ! ನನ್ನನ್ನ ಹೊಡೀತಿರೋದು ನನ್ನ ಮೈಯೇ!"

ಸರಳು ಗಾಳಿಯಲ್ಲೇ ನಿಂತಿತು.

"ನಿನ್ನೆ ಡಾಕ್ಟ್ರು ಹೇಳಿದ್ರು. ಲೂಪಸ್ ಅಂತೆ. ಮೈ ಕಾಯಬೇಕಾದ ಶಕ್ತೀನೇ ಮೈಮೇಲೆ ತಿರುಗಿ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ... ಗಂಟು ನೋವು, ಸಣ್ಣ ಜ್ವರ, ಕೂದಲು, ಕಲೆ, ಎಲ್ಲಾ ಅದರದ್ದೇ. ಬಿಸಿಲಿಗೆ ಕೆನ್ನೆ ಕೆಂಪಾಗುತ್ತೆ. ವೆಲ್ಡಿಂಗ್ ಬೆಳಕೂ ಆಗಲ್ಲ. ಇವನನ್ನ ನೋಡ್ತಾ ಎದುರಿಗೇ ಕೂರ್ತಿದ್ದೆನಲ್ಲ, ಅದಕ್ಕೇ..."

ಅಣ್ಣ ಸರಳು ಬಿಸಾಕಿ ತಲೆಯ ಮೇಲೆ ಕೈ ಹೊತ್ತು ಕುಸಿದ. "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ಅವಳು ವೆಲ್ಡರ್ ಕಡೆ ತಿರುಗಿದಳು.

"ಪೂರ್ತಿ ಗುಣ ಆಗೋದಲ್ಲ ಇದು. ಜೀವನಪೂರ್ತಿ ಮಾತ್ರೆ. ನನ್ನ ಬಿಟ್ಬಿಡು."

"ಬಿಡೋಕಾ ನಿಮ್ಮಣ್ಣನ ಕೈಲಿ ಇಷ್ಟು ತಿಂದಿದ್ದು?"

ಅವನು ಅವಳ ಸ್ಟೂಲು, ಪೇಂಟಿನ ಡಬ್ಬ ಎತ್ತಿ ಗೋಡೆಯ ಆಚೆ, ಬಿಸಿಲೂ ವೆಲ್ಡಿಂಗ್ ಬೆಳಕೂ ತಾಗದ ಕಡೆ ಇಟ್ಟ.

"ಇನ್ನು ಇಲ್ಲೇ ಕೂತ್ಕೋ. ನೋಡ್ಬೇಕು ಅನ್ಸಿದಾಗ ನಾನೇ ಎದ್ದು ಬರ್ತೀನಿ."

ಅವಳಿಗೆ ಅಳು ಉಕ್ಕಿ ಬಂತು. ಸೆಟೆದ ಬೆರಳುಗಳಲ್ಲೇ ಅವನ ತುಟಿಯ ರಕ್ತ ಒರೆಸಿದಳು.

"ತುಂಬಾ ನೋಯ್ತಿದ್ಯಾ?"

"ಹೂಂ. ನಿಂಗೆ?"

ಅವಳು ಅವನ ಎದೆಗೊರಗಿದಳು.

"ನಂಗೂ... ತುಂಬಾ."