ಫ್ರಿಜ್ಜಮ್ಮನ ಡಬ್ಬಿ

ಸೋಮವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ಠಾಣೆಗೆ ಬಂದ ಮಹಿಳೆ ಕುರ್ಚಿ ತೋರಿಸಿದರೂ ಕೂರಲಿಲ್ಲ. ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ರಕ್ತದ ಮಾದರಿಗಳನ್ನು ಹೆಪ್ಪುಗಟ್ಟಿಸಿ ಕಾಪಾಡುವ ಶೀತಲ ಕೊಠಡಿ ಅವರ ಉಸ್ತುವಾರಿಯಲ್ಲಿತ್ತು. ಬೆನ್ನ ಹಿಂದೆ ಎಲ್ಲರೂ ಫ್ರಿಜ್ಜಮ್ಮ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

"ಒಂದು ಡಬ್ಬಿ ಕಳುವಾಗಿದೆ," ಎಂದರು.

"ಒಳಗೆ ಏನಿತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ರಕ್ತ."

ಹೆಡ್ ಕಾನ್‌ಸ್ಟೆಬಲ್ ಪೆನ್ನು ನಿಲ್ಲಿಸಿದ. "ಯಾರದ್ದು?"

"ವಂಶದಲ್ಲೇ ಕಣ್ಣು ಮಂಜಾಗೋ ಕಾಯಿಲೆ ಇರೋ ಮನೆಗಳವರದ್ದು. ಅಜ್ಜಿ, ಮಗ, ಮೊಮ್ಮಗಳು, ಹೀಗೆ."

"ಇನ್ನೊಂದ್ಸಲ ತಗೊಂಡ್ರಾಯ್ತಲ್ಲ ಮೇಡಂ?"

"ಅಜ್ಜಿಯರೆಲ್ಲ ತೀರಿಕೊಂಡಿದಾರೆ."

ಹೆಡ್ ಕಾನ್‌ಸ್ಟೆಬಲ್ ಮತ್ತೆ ಬರೆಯತೊಡಗಿದ.

"ಈ ವಾರ ಪರೀಕ್ಷೆ ಶುರುವಾಗಬೇಕಿತ್ತು," ಎಂದರು ಫ್ರಿಜ್ಜಮ್ಮ. "ಡಬ್ಬಿ ಕರಗಿದ್ರೆ, ಆ ಮಕ್ಕಳಲ್ಲಿ ಯಾರ ಕಣ್ಣು ಉಳಿಸಬಹುದು ಅಂತ ಹೇಳೋಕೆ ಬೇರೆ ದಾರಿ ಇಲ್ಲ."

FIR ದಾಖಲಿಸಿಕೊಂಡು ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೊರಟರು. ಸಂಸ್ಥೆ ಅಂದೇ ಹೊಸ ಕಟ್ಟಡಕ್ಕೆ ಸ್ಥಳಾಂತರವಾಗುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ಲಾರಿ, ಕಾರಿಡಾರಿನ ತುಂಬ ಹಗ್ಗ, ರಟ್ಟು, ಕೂಗಾಟ. ಶೀತಲ ಕೊಠಡಿಯೊಳಗೆ ಆಳೆತ್ತರದ ಫ್ರೀಜರ್‌ಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಕಳುವಾದ ಡಬ್ಬಿಯ ಜಾಗದಲ್ಲಿ ಅಂಥದ್ದೇ ಖಾಲಿ ಡಬ್ಬಿಯೊಂದು ಕೂತಿತ್ತು. ಬೆಳಿಗ್ಗೆ ಎತ್ತಿದಾಗ ಹಗುರ ಅನಿಸಿದ್ದರಿಂದಲೇ ಫ್ರಿಜ್ಜಮ್ಮನಿಗೆ ಗೊತ್ತಾದದ್ದು. ಬೀಗ ಮುರಿದಿರಲಿಲ್ಲ.

"ಒಳಗಿನವರದ್ದೇ ಕೈವಾಡ ಸರ್," ಎಂದ ಹೆಡ್ ಕಾನ್‌ಸ್ಟೆಬಲ್, ಪಂಚನಾಮೆ ಬರೆಯುತ್ತ.

"ಅಷ್ಟು ನನಗೂ ಕಾಣಿಸ್ತಿದೆ ಮಾರಾಯ. ಮುಂದೆ ಹೇಳು."

ಅವನು ಹೋಗಿ ಗೇಟಿನ ಕಾವಲುಗಾರನನ್ನು ಕರೆತಂದ.

"ನಿನ್ನೆ ಭಾನುವಾರ ಯಾರು ಬಂದಿದ್ರು?"

"ಸಾಮಾನು ಕಟ್ಟೋಕೆ ಅಂತ ಸುಮಾರು ಜನ ಬಂದು ಹೋದ್ರು ಸರ್. ಎಲ್ಲಾ ಇಲ್ಲಿಯವರೇ."

"ಯಾರ ಕೈಯಲ್ಲಾದ್ರೂ ಪೆಟ್ಟಿಗೆ?"

"ಎಲ್ಲರ ಕೈಯಲ್ಲೂ ಪೆಟ್ಟಿಗೇನೇ." ಕಾವಲುಗಾರ ಏನೋ ನೆನಪಾಗಿ ನಕ್ಕ. "ಪಾಪ, ಕಣ್ಣಿನ ಡಾಕ್ಟ್ರು ಮಾತ್ರ ಪೂರ್ತಿ ನೆಂದುಬಿಟ್ರು. ಜಡಿಮಳೆ ಸರ್, ಅವರು ನೋಡಿದ್ರೆ ಕಾರಿನ ನಾಲ್ಕೂ ಕಿಟಕಿ ತೆರೆದಿಟ್ಕೊಂಡು ಹೋಗ್ತಿದ್ರು. ಕೂಗಿ ಹೇಳಿದೆ, ಕೈ ಬೀಸಿ ಹೋದ್ರು."

"ಡಾಕ್ಟ್ರಿಗೆ ಸೆಖೆ," ಎಂದು ಹೆಡ್ ಕಾನ್‌ಸ್ಟೆಬಲ್ ಕೂಡ ನಕ್ಕ.

ಫ್ರಿಜ್ಜಮ್ಮ ನಗಲಿಲ್ಲ. "ನಾಲ್ಕೂ ಕಿಟಕಿನಾ?" ಎಂದು ಕಾವಲುಗಾರನನ್ನು ಮತ್ತೆ ಕೇಳಿದರು.

"ಏನಾಯ್ತು ಮೇಡಂ?" ಇನ್‌ಸ್ಪೆಕ್ಟರ್ ಕೇಳಿದರು.

"ಡಬ್ಬಿ ಕರಗದ ಹಾಗೆ ಒಯ್ಯಬೇಕಾದ್ರೆ ಡ್ರೈ ಐಸ್ ಬೇಕು. ಅದು ನೀರಾಗಲ್ಲ, ಇಂಗಾಲದ ಡೈಆಕ್ಸೈಡ್ ಆಗಿ ಹಾರುತ್ತೆ. ಮುಚ್ಚಿದ ಕಾರಲ್ಲಿ ಉಸಿರು ಕಟ್ಟುತ್ತೆ. ಅದಕ್ಕೇ ಮಳೆ ಬರಲಿ ಬಿಸಿಲಿರಲಿ, ನಾವು ಕಿಟಕಿ ತೆರೆದೇ ಓಡಿಸೋದು." ಖಾಲಿ ಡಬ್ಬಿಯ ಕಡೆ ನೋಡಿ ಹೇಳಿದರು. "ಆ ಮಾದರಿಗಳನ್ನ ಮನೆಮನೆ ಸುತ್ತಿ ತಂದೋರೇ ಆ ಡಾಕ್ಟ್ರು."

ಡಾಕ್ಟರು ಅಂದು ರಜೆ ಹಾಕಿದ್ದರು. ಫ್ರಿಜ್ಜಮ್ಮ ಲಾರಿಯ ಜೊತೆ ಹೋಗಲೇಬೇಕಿತ್ತು, ಪೊಲೀಸರು ಡಾಕ್ಟರ ಮನೆಗೆ ಹೋದರು. ಬಾಗಿಲು ತೆರೆದವರ ಮೂಗು ಕೆಂಪಗಿತ್ತು. ಒಂದೇ ಸಮ ಸೀನುತ್ತಿದ್ದರು.

"ನಿನ್ನೆ ಮಳೇಲಿ ಕಿಟಕಿ ಯಾಕೆ ತೆಗೆದಿದ್ರಿ?"

"ಸೆಖೆ."

"ಅದನ್ನ ಇವನು ಆಗ್ಲೇ ಹೇಳಿದ," ಎಂದು ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೆಬಲ್ ಕಡೆ ತೋರಿಸಿದರು. "ಎಲ್ಲಿಗೆ ಹೋದ್ರಿ?"

"ತಂಗಿ ಹತ್ತಿರ."

"ತಂಗಿ ಏನು ಮಾಡ್ತಾರೆ?"

ಡಾಕ್ಟರು ಎರಡು ಸಲ ಸೀನಿದರು. "ದನದ ಡಾಕ್ಟರು."

ಡಾಕ್ಟರನ್ನೂ ಜೀಪಿಗೆ ಹತ್ತಿಸಿಕೊಂಡು ದನದ ಆಸ್ಪತ್ರೆಗೆ ಹೋದಾಗ ತಂಗಿ ಏನನ್ನೂ ಮುಚ್ಚಿಡಲಿಲ್ಲ. ಹಸುಗಳಿಗೆ ಗರ್ಭ ಕಟ್ಟಿಸಲು ಹೋರಿಯ ವೀರ್ಯವನ್ನು ದ್ರವ ನೈಟ್ರೋಜನ್ ತುಂಬಿದ ಕ್ಯಾನುಗಳಲ್ಲಿ ಇಟ್ಟಿರುತ್ತಾರೆ. ಅದರಲ್ಲೊಂದರ ಮುಚ್ಚಳ ತೆಗೆದರು, ಬಿಳಿ ಹೊಗೆ ಎದ್ದಿತು. ಅಜ್ಜಿಯರೂ ಮೊಮ್ಮಕ್ಕಳೂ ಸಣ್ಣ ಸಣ್ಣ ಕೊಳವೆಗಳಲ್ಲಿ ಹೋರಿಗಳ ನೆರೆಯಲ್ಲಿ ತಣ್ಣಗಿದ್ದರು.

"ಎರಡು ದಿನ ಇಟ್ಕೋ, ಏನೂ ಕೇಳಬೇಡ ಅಂದ," ಎಂದರು ತಂಗಿ. "ನಮ್ಮಣ್ಣ ಚಿಕ್ಕಂದಿನಿಂದ್ಲೂ ಹೀಗೇ ಸರ್. ಬೀದಿ ನಾಯಿಮರಿ ತಂದು ನನ್ನ ಮಂಚದ ಕೆಳಗೆ ಬಚ್ಚಿಡ್ತಿದ್ದ. ಬೈಸಿಕೊಳ್ತಿದ್ದೋಳು ನಾನು."

ಇನ್‌ಸ್ಪೆಕ್ಟರ್ ಕಣ್ಣಿನ ಡಾಕ್ಟರಿಗೆ ಬಂಧನದ ವಿಷಯ ತಿಳಿಸಿದರು. ಡಾಕ್ಟರು ತಲೆಯಾಡಿಸಿದರು.

"ಯಾಕೆ ಹೀಗೆ ಮಾಡಿದ್ರಿ?"

"ಒಬ್ಬ ಅಜ್ಜಿ ಇದ್ರು. ಕಣ್ಣು ಪೂರ್ತಿ ಹೋಗಿತ್ತು. ರಕ್ತ ಕೊಟ್ಟು, 'ನಾನು ಸತ್ತ ಮೇಲೂ ಮೊಮ್ಮಗಳ ಕೆಲಸಕ್ಕೆ ಬರುತ್ತಾ?' ಅಂತ ಕೇಳಿದ್ರು. ಬರುತ್ತೆ ಅಂದೆ. ಅಂಥದ್ದನ್ನ ಲಾರಿಗೆ ಹಾಕ್ತೀವಿ ಅಂದ್ರೆ? ರಸ್ತೆಯ ಗುಂಡಿಗಿಳಿದು ಒಂದು ವೈರು ಕಿತ್ತು ಬಂದ್ರೆ ಸಾಕು. ನಿದ್ದೇನೇ ಬರಲಿಲ್ಲ."

ಅಷ್ಟರಲ್ಲಿ ಸುದ್ದಿ ತಿಳಿದು ಫ್ರಿಜ್ಜಮ್ಮ ಡ್ರೈ ಐಸ್ ಪೆಟ್ಟಿಗೆಯೊಂದಿಗೆ ಬಂದರು. ತಲೆಯಿಂದ ಕಾಲಿನವರೆಗೆ ಒದ್ದೆ. ಬಂದವರೇ ಕೈಗವಸು ಹಾಕಿಕೊಂಡು ಕೊಳವೆಗಳನ್ನು ಒಂದೊಂದಾಗಿ ನೋಡಿ ಪೆಟ್ಟಿಗೆಗೆ ಇಳಿಸಿದರು. ಕೊನೆಯದನ್ನು ಇಟ್ಟಮೇಲೆ ದೊಡ್ಡದಾಗಿ ಉಸಿರು ಬಿಟ್ಟರು.

"ಒಂದೂ ಕರಗಿಲ್ಲ."

"ಲಾರೀಲಿ ಹೋದವು?" ಡಾಕ್ಟರು ಮೆಲ್ಲಗೆ ಕೇಳಿದರು.

"ಅವೂ ಕರಗಿಲ್ಲ. ಲಾರಿ ಹಿಂದೆ, ಮಳೇಲಿ, ಫ್ರೀಜರ್ ತಬ್ಬಿಕೊಂಡು ನಿಂತಿದ್ದೋಳು ಯಾರು ಅಂದ್ಕೊಂಡ್ರಿ?"

ಡಾಕ್ಟರು ಅವರ ಒದ್ದೆ ಸೀರೆಯನ್ನೂ ಹಗ್ಗ ಹಿಡಿದು ಕೆಂಪಾದ ಅಂಗೈಯನ್ನೂ ನೋಡಿದರು. ಕಣ್ಣು ತುಂಬಿ ಬಂತು.

"ಇವನ್ನ ಕಾಯೋನು ನಾನೊಬ್ಬನೇ ಅಂದ್ಕೊಂಡಿದ್ದೆ," ಎಂದರು.

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಯಲ್ಲಿ ಆ ಮಾತನ್ನು ಹಾಗೆಯೇ ಬರೆದುಕೊಂಡರು. ಕಾರಣ ಎಂದು ಬೇರೇನೂ ಬರೆಯಲಿಲ್ಲ.

ಹೊರಡುವಾಗ ಮತ್ತೆ ಮಳೆ ಹಿಡಿಯಿತು. ಜೀಪಿನ ಹಿಂದಿನ ಸೀಟಿನಲ್ಲಿ ದೂರುದಾರರು ಒಂದು ಕಡೆ, ಆರೋಪಿ ಒಂದು ಕಡೆ, ನಡುವೆ ಪೆಟ್ಟಿಗೆ. ಸ್ಟೀರಿಂಗ್ ಹಿಡಿದ ಹೆಡ್ ಕಾನ್‌ಸ್ಟೆಬಲ್ ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಹೋದ.

"ತೆಗಿಯಪ್ಪ," ಎಂದರು ಇನ್‌ಸ್ಪೆಕ್ಟರ್.

"ನೆನೀತೀವಿ ಸರ್."

"ನೆನೆಯೋಣ."

ಜೀಪು ಮೊದಲ ಗುಂಡಿಗೆ ಇಳಿದಾಗ ಹಿಂದಿನ ಸೀಟಿನ ಇಬ್ಬರೂ ಒಟ್ಟಿಗೇ ಪೆಟ್ಟಿಗೆಯನ್ನು ತಬ್ಬಿ ಹಿಡಿದರು. ಕನ್ನಡಿಯಲ್ಲಿ ಅದನ್ನು ಕಂಡ ಇನ್‌ಸ್ಪೆಕ್ಟರ್ ಮುಖದ ನೀರು ಒರೆಸಿಕೊಂಡು, ಸ್ವಲ್ಪ ನಿಧಾನವಾಗಿ ಓಡಿಸು ಎಂದರು.