ಗೆರೆ ದಾಟದ ನೀರು

ಐನಾಪುರದ ಬಾಹುಬಲಿ ಮಾಸ್ತರರ ಹಕ್ಕಿಗಳ ಮೇಲೆ ಯಾರೋ ನೀರು ಸುರಿದಿದ್ದರಂತೆ. ಜೀವಂತ ಹಕ್ಕಿಗಳಲ್ಲ, ಹಿತ್ತಲಿಗೆ ಬರುವ ಹಕ್ಕಿಗಳನ್ನು ಅವರು ಪೆನ್ಸಿಲ್ಲು, ಮಸಿ, ನೀರುಬಣ್ಣದಲ್ಲಿ ಬರೆದಿಟ್ಟ ಚಿತ್ರಗಳು. ಮೂವತ್ತರಲ್ಲಿ ಐದು ಹಾಳಾಗಿದ್ದವು. ಭಾನುವಾರ ಚಿಕ್ಕೋಡಿಯಲ್ಲಿ ಪ್ರದರ್ಶನವಿತ್ತು.

ಮಾಸ್ತರರ ಫೋನು ಬಂದದ್ದೇ ತಡ, ಪಿಎಸ್‌ಐ ಸೌಂದರ್ಯಾ ಜೀಪು ಹತ್ತಿದಳು. ಶಾಲೆಯಲ್ಲಿ ಅವಳಿಗೆ ಚಿತ್ರದ ಗೆರೆ ಎಳೆಯಲು ಕಲಿಸಿದವರು ಇವರೇ. ಆ ಅಭಿಮಾನದಲ್ಲೇ ಎಡವಿದಳು.

"ಚಿತ್ರದ ಖೋಲಿ ಕೀಲಿಕೈ ಯಾರ ಹತ್ರ ಐತ್ರಿ ಸರ್?"

"ನನ್ನ ಹತ್ರ ಒಂದು. ಕೆಲಸದ ಕಸ್ತೂರೆವ್ವನ ಹತ್ರ ಒಂದು." ಮಾಸ್ತರರು ನೆಲ ನೋಡುತ್ತಿದ್ದರು.

ಮೇಜಿನ ಮೇಲೇ ಇದ್ದ ಕುಂಚವನ್ನು ಎಲ್ಲಿಟ್ಟೆ ಎಂದು ಅವರು ಹಿಂದಿನ ದಿನ ಕಸ್ತೂರೆವ್ವನನ್ನು ಬೈದದ್ದು ಓಣಿಗೆಲ್ಲ ಕೇಳಿತ್ತು. ಆ ಸಿಟ್ಟಿಗೇ ಇವಳು ನೀರು ಸುರಿದಿರಬೇಕು ಎನಿಸಿ, ಸೌಂದರ್ಯಾ ಅವಳ ಚೀಲವನ್ನು ಅಂಗಳದಲ್ಲಿ ಎಲ್ಲರೆದುರು ಕೊಡವಿಸಿದಳು. ಎರಡು ರೊಟ್ಟಿ, ಎಲೆಅಡಿಕೆ ಸಂಚಿ, ಒಂದು ಹಿಡಿ ಸಜ್ಜೆ ಬಿದ್ದವು.

"ಕಾಳು ಯಾಕ?"

"ಗುಬ್ಬಿಗ್ರಿ," ಎಂದಳು ಕಸ್ತೂರೆವ್ವ. "ಹದಿನಾಕ ವರ್ಷ ಆತ್ರಿ ಈ ಮನ್ಯಾಗ. ಯಾರೂ ನನ್ನ ಚೀಲ ನೋಡಿರಲಿಲ್ಲ."

ಮಾಸ್ತರರು ಮುಖ ತಿರುಗಿಸಿ ಒಳಗೆ ಹೋದರು.

* * *

ಪಕ್ಕದ ದ್ರಾಕ್ಷಿ ತೋಟದ ಆಬಾಸಾಹೇಬನಿಗೆ ಹಣ್ಣು ತಿನ್ನುವ ಈ ಹಕ್ಕಿಗಳೆಂದರೆ ಆಗದು. ಆದರೆ ಅವನು ಎರಡು ದಿನದಿಂದ ನಿಪ್ಪಾಣಿಯ ಮಗಳ ಮನೆಯಲ್ಲಿದ್ದ. ಅಂದಮೇಲೆ ಕಸ್ತೂರೆವ್ವನೇ ಎಂದುಕೊಂಡು, ಸೌಂದರ್ಯಾ ಸಾಕ್ಷಿಗೆಂದು ಹಾಳೆಗಳನ್ನು ಎತ್ತಿಕೊಂಡಳು.

ಎತ್ತಿಕೊಂಡವಳು ಹಾಗೇ ನಿಂತಳು. ಮಸಿ ಕದಡಿದ್ದು ಹಕ್ಕಿಯ ರೆಕ್ಕೆಯೊಳಗೆ, ಎದೆಯೊಳಗೆ ಮಾತ್ರ. ಸುತ್ತಲಿನ ಹಾಳೆ ಬೆಳ್ಳಗಿತ್ತು. ಹಳೆಯ ಚಿತ್ರಗಳಲ್ಲಿ ಮಸಿಯ ಕೆಳಗೆ ತೆಳ್ಳನೆಯ ಗೆರೆಯ ಎಚ್ ಪೆನ್ಸಿಲ್ಲು. ಈ ಐದರಲ್ಲಿ ಕಡುಗಪ್ಪು ಗೆರೆಯ ಸಿಕ್ಸ್ ಬಿ ಪೆನ್ಸಿಲ್ಲು. ಮೇಜಿನ ಮೇಲೆ ಕರಿಮಸಿಯ ಎರಡು ಬಾಟಲಿಗಳಿದ್ದವು. ಎರಡರಿಂದಲೂ ಒಂದೊಂದು ಗೆರೆ ಎಳೆದು, ಒಣಗಲು ಬಿಟ್ಟು, ಒದ್ದೆ ಕುಂಚ ಆಡಿಸಿದಳು. ಒಂದು ಗೆರೆ ನಿಂತಿತು, ಇನ್ನೊಂದು ನೀರಿನಲ್ಲಿ ಕದಡಿಹೋಯಿತು.

* * *

"ಸರ್, ಸುರಿದ ನೀರಿಗೆ ಹಕ್ಕಿ ಎಲ್ಲಿ ಮುಗೀತೈತಿ ಅಂತ ಗೊತ್ತಾಗೂದಿಲ್ರಿ. ಇದು ಬಣ್ಣ ಹಚ್ಚಾಕ ಹೋದ ಕುಂಚದ ನೀರು. ತೆಳು ಗೆರಿ ಕಾಣಲಾರದ್ದಕ್ಕ ಸಿಕ್ಸ್ ಬಿ ಹಿಡದೀರಿ. ಬಾಟಲಿ ಚೀಟಿ ಓದಾಕ ಆಗದ, ನೀರಿಗೆ ಅಳಿಸದ ಇಂಡಿಯನ್ ಇಂಕ್ ಬದಲಿ ಪೆನ್ನಿನ ಶಾಯಿ ತಗೊಂಡೀರಿ."

ಮಾಸ್ತರರು ಹಾಳೆಯೊಂದನ್ನು ಕಣ್ಣಿನ ಹತ್ತಿರ ಹಿಡಿದು, ಮತ್ತೆ ಕೆಳಗಿಟ್ಟರು.

"ಚಿತ್ರದ ಮಾಸ್ತರನ ಕಣ್ಣ ಹೋಗ್ಯಾವ ಅಂತ ಹೇಳಾಕ ನಾಚಿಕಿ ಬಂತವ್ವ, ಯಾರೋ ನೀರು ಸುರುವ್ಯಾರ ಅಂದ್ಬಿಟ್ಟೆ. ಆಕಿ ಮಾಡ್ಯಾಳ ಅಂತ ನಾ ಅನ್ನಲಿಲ್ಲ."

"ಅನ್ನಲಿಲ್ಲ ಖರೆ. ಚೀಲ ಕೊಡವುವಾಗ ಬ್ಯಾಡ ಅಂತನೂ ಅನ್ನಲಿಲ್ರಿ."

ಅಂದ ಮೇಲೆ ಸೌಂದರ್ಯಾಳಿಗೆ ತನ್ನ ಮಾತಿಗೇ ನಾಚಿಕೆಯಾಯಿತು. ಕೊಡವಿಸಿದ್ದು ತಾನೇ.

ಅಂಗಳದಲ್ಲಿ ಜನ ಇನ್ನೂ ಕರಗಿರಲಿಲ್ಲ. ಮಾಸ್ತರರು ಎಲ್ಲರೆದುರು ಇದ್ದದ್ದನ್ನು ಇದ್ದಂತೆ ಹೇಳಿ ಕಸ್ತೂರೆವ್ವನಿಗೆ ಕೈ ಮುಗಿದರು. ಸೌಂದರ್ಯಾ ಟೋಪಿ ತೆಗೆದಿಟ್ಟು, ಕುಕ್ಕರಗಾಲಿನಲ್ಲಿ ಕೂತು ಮಣ್ಣಿನಿಂದ ಸಜ್ಜೆ ಆರಿಸತೊಡಗಿದಳು.

"ಬಿಡ್ರಿ ಮೇಡಂ. ಗುಬ್ಬಿ ತಿಂತಾವ," ಎಂದಳು ಕಸ್ತೂರೆವ್ವ.

ಆಮೇಲೆ ತನ್ನ ಬಳಿಯ ಕೀಲಿಕೈಯನ್ನು ಮಾಸ್ತರರ ಅಂಗೈಯಲ್ಲಿಟ್ಟು, ಬಿದ್ದೀತೆಂದು ಬೆರಳುಗಳನ್ನು ತಾನೇ ಮಡಚಿದಳು.

"ಕಣ್ಣ ತೋರಿಸ್ಕೋರಿ. ನಾಳಿಂದ ನಾ ಬರೂದಿಲ್ಲ."