ವಿನೋದಾಳಿಗೆ ಕೊಟ್ಟ ಕಣ್ಣು

“ಕಣ್ಣಿಗೆ ಮಾತ್ರ ಕೈ ಹಾಕಬಾರದು,” ಎಂದು ಶೀನಪ್ಪ ಮೂರನೆಯ ಸಲ ಹೇಳಿದರು. “ಇದ್ದ ಹಾಗೆಯೇ ಕನ್ನಡಿಗೆ ಹಾಕಿ ಕೊಡಿ.”

ನವ್ಯಾ ಫೋಟೋವನ್ನು ಬೆಳಕಿಗೆ ಹಿಡಿದಳು. ಮೂವತ್ತರ ಆಸುಪಾಸಿನ ಹೆಂಗಸು. ಮುಡಿಯಲ್ಲಿ ಅಬ್ಬಲಿಗೆ ಹೂ, ತುಟಿಯಂಚಿನಲ್ಲಿ ಆಗಷ್ಟೇ ಹುಟ್ಟುತ್ತಿದ್ದ ನಗು. ಕಣ್ಣುಗಳಿರಬೇಕಾದಲ್ಲಿ ಯಾರೋ ಸೂಜಿಯಿಂದ ಕೆರೆದು ಕೆರೆದು ಕಾಗದದ ಬಿಳಿ ಎಬ್ಬಿಸಿದ್ದರು. ಕಮಟು ಎಣ್ಣೆಯ, ಸುಟ್ಟ ಸಾಸಿವೆಯ ವಾಸನೆ ಮೂಗಿಗೆ ಬಡಿಯಿತು.

“ಯಾರಿದು?”

“ತೀರಿಹೋದ ನನ್ನ ತಮ್ಮನ ಹೆಂಡತಿ. ವಿನೋದಾ. ಕಾಲು ಜಾರಿ ಬಾವಿಗೆ ಬಿದ್ದದ್ದು. ಎರಡು ವರ್ಷ ಆಯ್ತು.” ಶೀನಪ್ಪ ದನಿ ತಗ್ಗಿಸಿದರು. “ಆದರೆ ಹೋಗಿಲ್ಲ ಅವಳು. ಮನೆಗೆ ಬರ್ತಾಳೆ. ಮಂತ್ರವಾದಿ ಈ ಫೋಟೋದಲ್ಲಿ ಅವಳ ಕಣ್ಣು ಕಟ್ಟಿ ಕೊಟ್ಟಿದ್ದಾರೆ. ಇದನ್ನು ಕೆತ್ತಿದ ಕನ್ನಡಿ ಬಾಗಿಲ ಮೇಲೆ ಇದ್ದರೆ ದಾರಿ ಕಾಣದೆ ತಿರುಗಿ ಹೋಗ್ತಾಳಂತೆ.”

“ಕಣ್ಣಿಲ್ಲದವಳು ಕನ್ನಡಿ ನೋಡುವುದು ಹೇಗೆ ಶೀನಪ್ಪಣ್ಣ? ಅದಕ್ಕೂ ಎಂತಾದರೂ ಮಂತ್ರ ಉಂಟಾ?”

ಶೀನಪ್ಪ ನಗಲಿಲ್ಲ. “ಅವಳ ಕಣ್ಣು ತೆರೆದರೆ ತೆರೆದವರ ಕಣ್ಣು ಹೋಗ್ತದೆ. ಹೇಳಲಿಲ್ಲ ಅಂತ ಬೇಡ.” ಅಷ್ಟು ಹೇಳಿ ಬೆಳ್ತಂಗಡಿಯ ಬಸ್ಸು ಹಿಡಿಯಲು ಎದ್ದರು. ಅವರ ಮನೆ ಲಾಯಿಲದಲ್ಲಿ.

ಅಂಗಡಿ ಮೂಡುಬಿದಿರೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಸೌದಿಯ ದಮ್ಮಾಮಿನಲ್ಲಿ ಹದಿನಾರು ವರ್ಷ ಬೋರ್ಡು ಬರೆದು ಊರಿಗೆ ಮರಳಿದ ಉಮ್ಮರ್ 2008ರಲ್ಲಿ ಲೇಸರ್ ಯಂತ್ರವೊಂದನ್ನು ತರಿಸಿ, ಕನ್ನಡಿ ಮತ್ತು ಗಾಜಿನ ಮೇಲೆ ಫೋಟೋ ಕೆತ್ತಿಕೊಡಲು ತೊಡಗಿದ್ದರು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ ನವ್ಯಾ ಫೋಟೋ ಸಿದ್ಧಪಡಿಸುವ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು.

“ಅವರು ಹೇಳಿದಷ್ಟೇ ಮಾಡು ಮಾರಾಯ್ತಿ,” ಎಂದರು ಉಮ್ಮರ್. “ಚಂದ ಮಾಡಲಿಕ್ಕೆ ಹೋಗಬೇಡ.”

“ಚಂದ ಮಾಡಲಿಕ್ಕೇ ಅಲ್ವಾ ಉಮ್ಮರಾಕ, ನೀವು ನನ್ನನ್ನು ಇಟ್ಟದ್ದು?”

“ನಿನ್ನ ಬಾಯಿಗೆ ಒಂದು ಬಾಗಿಲು ಮಾಡಿಸಬೇಕು.” ಅವರು ಮಧ್ಯಾಹ್ನದ ನಮಾಜಿಗೆ ಹೊರಟರು.

ನವ್ಯಾ ಫೋಟೋವನ್ನು ಸ್ಕ್ಯಾನ್ ಮಾಡಿದಳು. ಹಿಂಬದಿಯ ಗೋಡೆಯನ್ನು ಅಳಿಸಿದಳು. ಕೆನ್ನೆಯ ನೆರಳನ್ನು ತುಸು ತಿಳಿಯಾಗಿಸಿ ಕೂದಲನ್ನು ಎಳೆಯೆಳೆಯಾಗಿ ಬಿಡಿಸಿದಳು. ಲೇಸರಿಗೆ ಬೂದು ಬಣ್ಣ ತಿಳಿಯದು. ಸುಡುವುದು ಅಥವಾ ಬಿಡುವುದು, ಎರಡೇ ಗೊತ್ತು. ಆದ್ದರಿಂದ ಮುಖವನ್ನೆಲ್ಲ ಸಣ್ಣ ಚುಕ್ಕಿಗಳಾಗಿ ಒಡೆಯಬೇಕು. ಸುಡುವುದು ಕನ್ನಡಿಯ ಬೆನ್ನಿನ ಲೇಪವನ್ನಾದುದರಿಂದ ಚಿತ್ರದ ಎಡಬಲವನ್ನು ಅದಲುಬದಲು ಮಾಡಬೇಕು. ಇವೆಲ್ಲ ಅವಳ ಕೈಗೆ ಅಭ್ಯಾಸವಾಗಿದ್ದವು.

ಕೊನೆಗೆ ಆ ಎರಡು ಬಿಳಿ ಗಾಯಗಳು ಉಳಿದವು.

ತೆರೆಯ ಮೇಲೆ ದೊಡ್ಡದಾಗಿಸಿ ನೋಡಿದಾಗ ಸೂಜಿಯ ಒಂದೊಂದು ಗೀರೂ ಎಣಿಸುವಷ್ಟು ಸ್ಪಷ್ಟವಿತ್ತು. ಸಾವಧಾನವಾಗಿ, ಸಾಲಾಗಿ ಎಳೆದ ಗೀರುಗಳು. ಹೆದರಿದವನ ಕೈ ಹೀಗೆ ಕೆರೆಯುವುದಿಲ್ಲ ಅನ್ನಿಸಿತು ಅವಳಿಗೆ. ಸತ್ತ ಮೇಲೂ ಒಬ್ಬಳನ್ನು ಕುರುಡಿ ಮಾಡಬೇಕೆ? ಆ ಕಾರ್ಯಕ್ಕೆ ತನ್ನ ಕೈಯೇ ಬೇಕೆ?

ಗಣಕದಲ್ಲಿ ಅವಳದೇ ಪಾಸ್‌ಪೋರ್ಟ್ ಅಳತೆಯ ಫೋಟೋ ಇತ್ತು. ಮುಖದ ವಾಲಿಕೆ ಹೆಚ್ಚುಕಡಿಮೆ ಅದೇ. ತನ್ನ ಎರಡು ಕಣ್ಣುಗಳನ್ನು ಕತ್ತರಿಸಿ ತೆಗೆದು ವಿನೋದಾಳ ಹುಬ್ಬಿನ ಕೆಳಗೆ ಕೂರಿಸಿದಳು. ಅಂಚು ಮಸುಕಾಗಿಸಿದಳು. ಇಪ್ಪತ್ತು ನಿಮಿಷ. ಎಲ್ಲಿ ಸೇರಿಸಿದ್ದೆಂದು ಅವಳಿಗೇ ಹುಡುಕಲಾಗಲಿಲ್ಲ.

“ನೋಡಕ್ಕ,” ಎಂದಳು ತೆರೆಗೆ. “ಇನ್ನು ನೀನೇ ನೋಡು.”

ಯಂತ್ರದ ಮುಚ್ಚಳದೊಳಗೆ ಕೆಂಪು ಚುಕ್ಕಿ ಅತ್ತಿಂದಿತ್ತ ಓಡತೊಡಗಿತು. ಸುಟ್ಟ ಬಣ್ಣದ ಕಹಿ ವಾಸನೆ. ಹೊಗೆ ಎಳೆಯುವ ಫ್ಯಾನಿನ ಮೊರೆತ. ಹಣೆ ಮುಗಿದು ಲೇಸರ್ ಕಣ್ಣಿನ ಸಾಲಿಗೆ ಇಳಿದಾಗ ಅವಳ ರೆಪ್ಪೆಯಡಿ ಮೆಣಸು ಹಚ್ಚಿದಂತೆ ಉರಿಯಿತು. ಹೊಗೆ ಎಂದುಕೊಂಡು ಮುಖ ತೊಳೆದಳು.

ಮರುದಿನ ಶೀನಪ್ಪ ಬಂದು ಕಾಗದ ಸುತ್ತಿದ ಕನ್ನಡಿಯನ್ನು ಬಿಚ್ಚದೆಯೇ ಒಯ್ದರು. ಬಾಗಿಲ ಮೇಲೆ ಏರುವ ತನಕ ಯಾರೂ ನೋಡಬಾರದೆಂದು ಮಂತ್ರವಾದಿಯ ಅಪ್ಪಣೆಯಂತೆ.

ಆ ಸಂಜೆಯೇ ನವ್ಯಾಳ ಕಣ್ಣಿನಿಂದ ಬಣ್ಣ ಹೋಯಿತು. ಮಾರನೆಯ ದಿನ ಬೂದು ಹೋಯಿತು. ಉಮ್ಮರ್ ಅವರ ಮುಖ, ಓಣಿ, ಬಸ್ಸು ಎಲ್ಲ ಕಪ್ಪುಬಿಳಿಯ ಚುಕ್ಕಿಗಳಾಗಿ ಒಡೆದವು. ಚುಕ್ಕಿಗಳ ನಡುವಿನ ಸಂದು ದಿನದಿನಕ್ಕೆ ಅಗಲವಾಯಿತು. ಕಣ್ಣಿನಲ್ಲಿ ಯಾವ ದೋಷವೂ ಇಲ್ಲವೆಂದು ಡಾಕ್ಟರು ಎರಡು ಸಲ ಪರೀಕ್ಷಿಸಿ ಹೇಳಿದರು.

ಕಣ್ಣು ಮುಚ್ಚಿದರೆ ಮಾತ್ರ ಎಲ್ಲವೂ ಸ್ಪಷ್ಟ. ಆದರೆ ಅದು ಅವಳು ಎಂದೂ ಹೋಗಿರದ ಮನೆ. ಬಾಗಿಲ ಮೇಲಿನಿಂದ ಕಾಣುವ ಸಿಮೆಂಟಿನ ಅಂಗಳ. ಅಂಗಳದ ತುದಿಗೆ ಹಲಗೆ ಮುಚ್ಚಿದ ಬಾವಿ. ಮೇಲೆ ನೋಡಿ, ಬಾಯಿ ತೆರೆದು, ಹಿಂದೆ ಸರಿಯುವ ಶೀನಪ್ಪ.

ನಾಲ್ಕನೆಯ ದಿನ ಬೇರೊಂದು ನೋಟ ಬಂತು. ಎದೆಗೆ ಚಾಚಿ ತಳ್ಳಿದ ಎರಡು ಕೈಗಳು, ಆಮೇಲೆ ಬೀಳುವುದು. ಸುತ್ತ ಪಾಚಿಗಟ್ಟಿದ ಕಲ್ಲು. ಮೂಗಿನೊಳಗೆ ತಣ್ಣನೆಯ ಕೆಸರಿನ ವಾಸನೆ. ಬಹಳ ಮೇಲೆ ತಟ್ಟೆಯಗಲದ ಆಕಾಶ. ಆಕಾಶದ ಅಂಚಿನಲ್ಲಿ ಬಗ್ಗಿ ನೋಡುತ್ತಿದ್ದ ಒಂದು ಮುಖ. ಹಗ್ಗ ಅವನ ಕೈಯಲ್ಲೇ ಇತ್ತು. ಇಳಿಸಲಿಲ್ಲ. ಕಾಯುತ್ತಾ ನಿಂತಿದ್ದ.

ಐದನೆಯ ದಿನ ನಡುಹಗಲಿಗೆ ಶೀನಪ್ಪ ಕನ್ನಡಿಯನ್ನು ಬಟ್ಟೆಯಲ್ಲಿ ಬಿಗಿದು ಅಂಗಡಿಗೆ ನುಗ್ಗಿದರು. ಬಟ್ಟೆ ಮುಚ್ಚಿದಲ್ಲಿಂದ ನವ್ಯಾಳಿಗೆ ಪೂರ್ತಿ ಕತ್ತಲೆ. ಅವಳು ಮೇಜು ತಡವುತ್ತಾ ಎದ್ದಳು.

“ಯಾರ ಕಣ್ಣು ಇಟ್ಟೆ?”

“ನನ್ನದು.”

ಬಟ್ಟೆ ಜಾರಿದ ಸದ್ದು. ಅವಳಿಗೆ ಮತ್ತೆ ಚುಕ್ಕಿಚುಕ್ಕಿ ಬೆಳಕು. ಶೀನಪ್ಪನ ಕೆನ್ನೆ ಒಳಗೆ ಹೋಗಿತ್ತು. “ಬಾಗಿಲ ಹೊರಗೆ ನಿಲ್ಲುತ್ತಿದ್ದವಳು ಈಗ ಒಳಗೆ ಬಂದಿದ್ದಾಳೆ. ಮಂಚದ ಹತ್ತಿರ ನೀರು ಬಸಿಯುತ್ತಾ ನಿಲ್ತಾಳೆ. ಕೇಳು ಇಲ್ಲಿ. ಹಳೆಯ ಫೋಟೋ ಉಂಟಲ್ಲ, ಕಣ್ಣಿಲ್ಲದ್ದು. ಅದನ್ನು ಬೇರೆ ಕನ್ನಡಿಗೆ ಹಾಕಿಕೊಡು. ಇದನ್ನು ಮಂತ್ರವಾದಿ ಹೊಳೆಗೆ ಬಿಡ್ತಾರೆ. ಅವಳ ಕಣ್ಣು ಮುಚ್ತದೆ, ನಿನ್ನ ಕಣ್ಣು ಬರ್ತದೆ.”

“ಮಾಡಿಕೊಡು ನವ್ಯಾ,” ಎಂದರು ಉಮ್ಮರ್. “ಒಂದು ಗುಂಡಿ ಒತ್ತುವುದಷ್ಟೇ ಅಲ್ವಾ. ನಿನ್ನ ಕಣ್ಣು ಮಾರಾಯ್ತಿ.”

ಉಮ್ಮರ್ ಕಣ್ಣಿಲ್ಲದ ಹಳೆಯ ಫೈಲನ್ನು ತೆರೆಯ ಮೇಲೆ ತಂದರು. ನವ್ಯಾ ಕೈ ಚಾಚಿದಳು. ಚುಕ್ಕಿಗಳ ನಡುವೆ ಆ ಎರಡು ಬಿಳಿ ತೂತುಗಳು ಮಾತ್ರ ಇಡಿಯಾಗಿ ಕಂಡವು. ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಿದರೆ ಓಣಿ ಮರಳುತ್ತದೆ, ಪುಸ್ತಕ ಮರಳುತ್ತದೆ, ಅಮ್ಮನ ಮುಖ ಮರಳುತ್ತದೆ.

ಅವಳು ಕೈ ಹಿಂತೆಗೆದಳು.

“ಮಾಡುವುದಿಲ್ಲ.”

“ಕುರುಡಿಯಾಗ್ತೀಯ.”

“ಆಗ್ತೇನೆ. ನೀವು ಹಗ್ಗ ಯಾಕೆ ಇಳಿಸಲಿಲ್ಲ ಶೀನಪ್ಪಣ್ಣ?”

ಶೀನಪ್ಪ ಕನ್ನಡಿಯನ್ನು ಮೇಜಿನ ಮೇಲಿಟ್ಟರು.

“ಒಂದು ಸಹಿ ಹಾಕಿದ್ದರೆ ಮುಗೀತಿತ್ತು,” ಎಂದರು ಶೀನಪ್ಪ, ಯಾರಿಗೋ ವರದಿ ಒಪ್ಪಿಸುವವರಂತೆ. “ತಮ್ಮನ ಪಾಲು ನನಗೆ ಬಿಡು ಅಂತ ಎಷ್ಟು ಸಲ ಕೇಳಿದ್ದೇನೆ ಗೊತ್ತುಂಟಾ? ಹಟ ಅವಳಿಗೆ. ನಿನ್ನ ಹಾಗೆಯೇ.”

ಮೇಜಿನ ಮೇಲಿದ್ದ ಸುತ್ತಿಗೆಗೆ ಅವರ ಕೈ ಹೋಯಿತು. ಉಮ್ಮರ್ ಅಡ್ಡ ಬಂದರು. ತಡವಾಗಿತ್ತು. ಏಟು ಬಿತ್ತು. ಕನ್ನಡಿಯ ಬಲಗಣ್ಣು ಸಿಡಿಯಿತು. ನವ್ಯಾಳ ಬಲಗಣ್ಣಿನೊಳಗೆ ಏನೋ ಹರಿಯಿತು. ಬಿಸಿ. ಆಮೇಲೆ ಕಪ್ಪು. ಅವಳು ಕಿರುಚಲಿಲ್ಲ. ಎಡಗಣ್ಣು ತೆರೆದೇ ಇಟ್ಟಳು.

ಎರಡನೆಯ ಏಟಿಗೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಶೀನಪ್ಪ ಮೇಲೆ ನೋಡಿದರು. ಛಾವಣಿಯತ್ತ. ಅಲ್ಲಿ ಏನೂ ಇರಲಿಲ್ಲ. ಅವರಿಗೆ ಇತ್ತು. ಸುತ್ತಿಗೆ ಬಿತ್ತು. ಕೈಗಳು ಗೋಡೆ ಹುಡುಕಿದವು. ಉಗುರು ಕೆರೆಯಿತು. ಜಾರಿತು. “ಹಗ್ಗ,” ಎಂದರು. “ಹಗ್ಗ.” ಒಣ ನೆಲದ ಮೇಲೆ ಕಾಲು ಬಡಿದರು. ಬಾಯಿಯಿಂದ ನೀರು. ಹಸಿರು ನೀರು. ಪಾಚಿಯ ವಾಸನೆ. ಉಮ್ಮರ್ ಎತ್ತಲು ನೋಡಿದರು. ಮೈ ಕಲ್ಲಿನಂತೆ ಭಾರ. ಮತ್ತೆ ನೀರು. ಆಮೇಲೆ ಸದ್ದಿಲ್ಲ.

ನವ್ಯಾಳ ಎಡಗಣ್ಣಿನಲ್ಲಿ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡವು. ಬೂದು ಬಂತು. ಆಮೇಲೆ ಬಣ್ಣ. ಬಲಗಣ್ಣಿಗೆ ಏನೂ ಬರಲಿಲ್ಲ.

ಮೂರು ದಿನ ಕಳೆದು ಠಾಣೆಯಲ್ಲಿ ಇನ್‌ಸ್ಪೆಕ್ಟರು ಕಾಗದದಿಂದ ತಲೆ ಎತ್ತಿದರು. ಪಕ್ಕದ ಬೆಂಚಿನಲ್ಲಿ ಉಮ್ಮರ್ ತಲೆ ತಗ್ಗಿಸಿ ಕುಳಿತಿದ್ದರು.

“ಬಿಸಿಲಲ್ಲಿ ಬಂದ ಮನುಷ್ಯನ ಶ್ವಾಸಕೋಶದಲ್ಲಿ ಬಾವಿ ನೀರು ಉಂಟು ಅಂತ ವರದಿ. ಅದನ್ನು ನಾವು ನೋಡಿಕೊಳ್ತೇವೆ. ನೀವು ಯಾಕೆ ಎರಡು ವರ್ಷದ ಹಿಂದಿನ ವಿಷಯ ತೆಗೀತೀರಿ?”

“ವಿನೋದಾ ಜಾರಿ ಬಿದ್ದದ್ದು ಅಂತ ಬರೆದಿಟ್ಟಿದ್ದೀರಿ. ತಿದ್ದಬೇಕು.”

“ಶೀನಪ್ಪ ತಳ್ಳಿದ್ದನ್ನು ನೋಡಿದ್ದೀರಾ?”

“ನೋಡಿದ್ದೇನೆ. ಹಗ್ಗ ಹಿಡಿದು ನಿಂತದ್ದನ್ನೂ ನೋಡಿದ್ದೇನೆ.”

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಅವಳ ಸತ್ತ ಬಲಗಣ್ಣನ್ನು ನೋಡಲಾಗದೆ ಕಾಗದ ನೋಡಿದರು.

“ಎಲ್ಲಿಂದ ನೋಡಿದ್ದು?”

“ಬರೆದುಕೊಳ್ಳಿ,” ಎಂದಳು ನವ್ಯಾ. “ಬಾವಿಯ ಒಳಗಿಂದ.”